ಹುಲ್ಲಿನ ಎಲೆಗೆ ಹನಿ ತಲುಪುವ ದಾರಿ

ತುಂಗಭದ್ರಾ ಎಡದಂಡೆ ಕಾಲುವೆಯ ಅಚ್ಚುಕಟ್ಟಿನಲ್ಲಿ ಕೂರಿಗೆಯಿಂದ ಭತ್ತ ಬಿತ್ತುವ ರೈತರ ಮುಂದೆ ಆಡಿದ ಮಾತುಗಳನ್ನು ಇಲ್ಲಿ ಬರಹಕ್ಕೆ ಇಳಿಸಿದ್ದೇನೆ. ಸಭೆಯಲ್ಲಿ ಬಾಯಿಲೆಕ್ಕವಾಗಿ ಹೇಳಿದ್ದನ್ನು ಇಲ್ಲಿ ಅಂಕಿಗಳಲ್ಲಿ ಕೊಟ್ಟಿದ್ದೇನೆ. ಕೊನೆಗೆ ಬಂದ ಪ್ರಶ್ನೆಗಳಲ್ಲಿ ಎರಡಕ್ಕೆ ಕೊಟ್ಟ ಉತ್ತರವನ್ನೂ ಸೇರಿಸಿದ್ದೇನೆ.

ಕೆಲವು ವರ್ಷಗಳ ಹಿಂದೆ ಕಾರಟಗಿ ಕಡೆಯ ಒಂದು ಗದ್ದೆಯ ಬದುವಿನ ಮೇಲೆ ನಿಂತಿದ್ದೆ. ಕಳೆನಾಶಕ ಹೊಡೆದು ಮೂರು ವಾರ ಕಳೆದಿತ್ತು. ಭತ್ತದ ನಡುವೆ ಕಾಡುಸಾವೆ ಎಂಬ ಕಳೆಹುಲ್ಲು ಸೊಂಪಾಗಿ ಬೆಳೆದು ನಿಂತಿತ್ತು, ಆದರೆ ಗದ್ದೆಯ ತುಂಬ ಅಲ್ಲ. ಒಂದು ಬದುವಿನಿಂದ ಎದುರಿನ ಬದುವಿನವರೆಗೆ, ಸೀರೆಯ ಪಟ್ಟೆಗಳಂತೆ, ಸುಮಾರು ಒಂದೊಂದು ಅಡಿ ಅಗಲದ ಸಾಲುಗಳಲ್ಲಿ ಅದು ಉಳಿದಿತ್ತು. ಪಟ್ಟೆಗಳ ನಡುವಿನ ಜಾಗ ಕನ್ನಡಿಯಂತೆ ಸ್ವಚ್ಛವಾಗಿತ್ತು. ಗದ್ದೆಯ ಒಡೆಯರು ಕೈಯಲ್ಲಿ ಖಾಲಿ ಬಾಟಲಿ ಹಿಡಿದು, ‘ಈ ಎಣ್ಣಿ ಡೂಪ್ಲಿಕೇಟ್ ಐತ್ರೀ’ ಎಂದರು. ಎಣ್ಣೆ, ಅಂದರೆ ಕಳೆನಾಶಕ, ಕಲಬೆರಕೆಯದಾಗಿದ್ದರೆ ಹುಲ್ಲು ಎಲ್ಲೆಡೆಯೂ ಉಳಿಯಬೇಕಿತ್ತು. ಅದು ಪಟ್ಟೆ ಪಟ್ಟೆಯಾಗಿ ಉಳಿದಿದೆ ಎಂದರೆ, ಔಷಧಿ ಬಿದ್ದ ಕಡೆ ತನ್ನ ಕೆಲಸ ಮಾಡಿದೆ, ಬೀಳದ ಕಡೆ ಮಾಡಿಲ್ಲ ಎಂದೇ ಅರ್ಥ. ಸಿಂಪಡಿಸಿದವರು ಎಲ್ಲೆಲ್ಲಿ ನಡೆದರು, ಎಷ್ಟು ದೂರ ಬಿಟ್ಟು ನಡೆದರು ಎಂಬುದನ್ನು ಆ ಹುಲ್ಲು ಗದ್ದೆಯ ಮೇಲೆ ಬರೆದಿಟ್ಟಿತ್ತು.

ಕಸ, ಅಂದರೆ ಕಳೆ, ಸಾಯದಿದ್ದಾಗ ನಾವು ಮೊದಲು ದೂರುವುದು ಔಷಧಿಯನ್ನು, ಆಮೇಲೆ ಅಂಗಡಿಯವರನ್ನು, ಕೊನೆಗೆ ಮಳೆಯನ್ನು. ಬೆನ್ನ ಮೇಲಿನ ಪಂಪಿನ ಕಡೆಗೆ ನಮ್ಮ ಕಣ್ಣು ಹೋಗುವುದು ಅಪರೂಪ. ಅಗಲ ಎಲೆಯ ಕಳೆಗಳ ವಿಷಯದಲ್ಲಿ ಈ ಅಲಕ್ಷ್ಯ ಹೇಗೋ ನಡೆದುಹೋಗುತ್ತದೆ, ಹುಲ್ಲಿನ ಜಾತಿಯ ಕಳೆಗಳ ವಿಷಯದಲ್ಲಿ ನಡೆಯುವುದಿಲ್ಲ. ಏಕೆ ನಡೆಯುವುದಿಲ್ಲ ಎಂಬುದೇ ಇಂದಿನ ನನ್ನ ಮಾತಿನ ವಿಷಯ.

ನಾಟಿ ಭತ್ತದಲ್ಲಿ ನಿಂತ ನೀರೇ ಅರ್ಧ ಕಳೆನಾಶಕವಾಗಿತ್ತು. ಕಾಲುವೆಯ ಕೊನೆ ಭಾಗಕ್ಕೆ ನೀರು ತಡವಾಗಿ ಬರುವುದರಿಂದಲೂ, ನಾಟಿಗೆ ಆಳುಗಳು ಸಿಗದಿರುವುದರಿಂದಲೂ ಸಿಂಧನೂರು, ಮಾನ್ವಿ, ಗಂಗಾವತಿ ಭಾಗದಲ್ಲಿ ಅನೇಕರು ಕೂರಿಗೆ ಬಿತ್ತನೆಗೆ ತಿರುಗಿದ್ದಾರೆ. ಒಣ ನೆಲದಲ್ಲಿ ಭತ್ತವೂ ಹುಲ್ಲೂ ಒಂದೇ ದಿನ ಮೊಳೆಯುತ್ತವೆ, ಒಂದೇ ವಯಸ್ಸಿನವಾಗಿ ಬೆಳೆಯುತ್ತವೆ. ಎರಡೂ ಹುಲ್ಲಿನ ಕುಟುಂಬದವೇ ಆದುದರಿಂದ ಎಳೆಯವಾಗಿದ್ದಾಗ ಕಣ್ಣಿಗೆ ಸುಲಭವಾಗಿ ಬೇರ್ಪಡುವುದೂ ಇಲ್ಲ. ಎಲೆಯನ್ನು ಕಾಂಡದಿಂದ ತುಸು ಹಿಂದಕ್ಕೆ ಬಾಗಿಸಿ ನೋಡಿದರೆ, ಭತ್ತದಲ್ಲಿ ಎಲೆ ಕಾಂಡವನ್ನು ಸೇರುವಲ್ಲಿ ನಾಲಗೆಯಂಥ ಬಿಳಿ ಪೊರೆ ಕಾಣುತ್ತದೆ, ಕಾಡುಸಾವೆಯಲ್ಲಿ ಅದು ಇರುವುದಿಲ್ಲ. ಔಷಧಿ ಕೊಳ್ಳುವ ಮೊದಲು ಮಾಡಬೇಕಾದ ಪರೀಕ್ಷೆ ಇದು. ಏಕೆಂದರೆ ಬಿಸ್ಪೈರಿಬ್ಯಾಕ್ ಸೋಡಿಯಂ ಎಂಬ ಕಳೆನಾಶಕ ಕಾಡುಸಾವೆಯನ್ನು ಚೆನ್ನಾಗಿ ಕೊಲ್ಲುತ್ತದೆ, ಆದರೆ ತೆನೆ ನವಿರಾಗಿ ಹರಡಿಕೊಂಡು ಕೆಂಪಾಗುವ ಲೆಪ್ಟೊಕ್ಲೋವಾ ಎಂಬ ಹುಲ್ಲಿನ ಮೇಲೆ ಅದು ದುರ್ಬಲ. ಅದಕ್ಕೆ ಸೈಹಾಲೊಫಾಪ್ ಅಥವಾ ಫೆನಾಕ್ಸಾಪ್ರಾಪ್ ಬೇಕು. ಇದು ಆಯ್ಕೆಯ ಪ್ರಶ್ನೆ. ಸಿಂಪರಣೆ ಎಷ್ಟೇ ಚೆನ್ನಾಗಿದ್ದರೂ ತಪ್ಪು ಆಯ್ಕೆಯನ್ನು ಅದು ಸರಿಪಡಿಸಲಾರದು ಎಂದು ಹೇಳಿ ಈ ಮಾತನ್ನು ಇಲ್ಲಿಗೇ ಬಿಡುತ್ತೇನೆ.

ಈಗ ಹುಲ್ಲಿನ ಗಿಡವನ್ನು ಹನಿಯ ಕಣ್ಣಿನಿಂದ ನೋಡೋಣ. ಅಗಲ ಎಲೆಯ ಕಳೆ ಅಂಗೈ ಚಾಚಿದಂತೆ ಆಕಾಶಕ್ಕೆ ಮುಖ ಮಾಡಿರುತ್ತದೆ, ಮೇಲಿನಿಂದ ಬಿದ್ದ ಹನಿ ಅದರ ಮೇಲೆಯೇ ಬೀಳುತ್ತದೆ. ಎರಡು ಎಲೆಯ ಕಾಡುಸಾವೆ ಹಾಗಲ್ಲ, ಅದು ಸೂಜಿಯಂತೆ ನೆಟ್ಟಗೆ ನಿಂತಿರುತ್ತದೆ. ಮೂರು ಮಿಲಿಮೀಟರ್ ಅಗಲ, ಮೂರು ಸೆಂಟಿಮೀಟರ್ ಉದ್ದದ ಒಂದು ಎಲೆಯನ್ನು ತೆಗೆದುಕೊಂಡರೆ ಅದರ ಒಂದು ಮುಖದ ವಿಸ್ತೀರ್ಣ 0.9 ಚದರ ಸೆಂಟಿಮೀಟರ್. ಆ ಎಲೆ ನೆಲಕ್ಕೆ 80 ಡಿಗ್ರಿ ಕೋನದಲ್ಲಿ ನಿಂತಿದ್ದರೆ, ನೇರ ಮೇಲಿನಿಂದ ಇಳಿಯುವ ಹನಿಗೆ ಕಾಣುವುದು ಅದರ ಆರನೇ ಒಂದು ಪಾಲು ಮಾತ್ರ. ಉಳಿದ ಹನಿಗಳೆಲ್ಲ ಎಲೆಯ ಪಕ್ಕದಿಂದ ಜಾರಿ ಮಣ್ಣು ಸೇರುತ್ತವೆ. ಎಲೆಗೆ ತಾಗಿದ ಹನಿಯೂ ಅಲ್ಲಿಯೇ ಉಳಿಯುತ್ತದೆ ಎನ್ನುವಂತಿಲ್ಲ. ಹುಲ್ಲಿನ ಎಲೆಯ ಮೇಲೆ ಮೇಣದ ಪದರವಿದೆ, ಕೆಸುವಿನ ಎಲೆಯ ಮೇಲೆ ನೀರು ಮುತ್ತಾಗಿ ಉರುಳುವುದನ್ನು ನೋಡಿದವರಿಗೆ ಇದನ್ನು ವಿವರಿಸಬೇಕಿಲ್ಲ. ದೊಡ್ಡ ಹನಿ ವೇಗವಾಗಿ ಬಂದು ಅಪ್ಪಳಿಸಿ, ಪುಟಿದು ಅಥವಾ ಒಡೆದು ಕೆಳಗೆ ಬೀಳುತ್ತದೆ. ಸಣ್ಣ ಹನಿ ಅಂಟಿಕೊಳ್ಳುತ್ತದೆ.

ಇನ್ನೊಂದು ವ್ಯತ್ಯಾಸ ಇದಕ್ಕಿಂತ ಮುಖ್ಯವಾದದ್ದು. ಅಗಲ ಎಲೆಯ ಕಳೆಯ ಕುಡಿ ತುದಿಯಲ್ಲಿ, ಎಲ್ಲರಿಗೂ ಕಾಣುವಂತೆ ಇರುತ್ತದೆ. ಹುಲ್ಲಿನ ಬೆಳೆಯುವ ಕುಡಿ ಬುಡದಲ್ಲಿ, ಎಲೆಯ ಸುರುಳಿಗಳ ಒಳಗೆ, ಮಣ್ಣಿನ ಮಟ್ಟದಲ್ಲಿ ಅಡಗಿ ಕೂತಿರುತ್ತದೆ. ದನ ಮೇಯ್ದ ಹುಲ್ಲು ಮತ್ತೆ ಚಿಗುರುವುದು ಈ ಕಾರಣಕ್ಕೇ. ತಾಗಿದ ಭಾಗವನ್ನಷ್ಟೇ ಸುಡುವ ಔಷಧಿ ಹೊಡೆದರೆ ಎಲೆ ಸುಟ್ಟಂತೆ ಕಂಡು ವಾರದೊಳಗೆ ಹೊಸ ಎಲೆ ಬರುವುದೂ ಇದೇ ಕಾರಣಕ್ಕೆ. ಆದುದರಿಂದ ಹುಲ್ಲನ್ನು ಕೊಲ್ಲುವ ಔಷಧಿಗಳು ಎಲೆಯ ಮೇಲೆ ಬಿದ್ದು, ಮೇಣವನ್ನು ದಾಟಿ ಒಳಸೇರಿ, ಗಿಡದ ಆಹಾರನಾಳಗಳ ಮೂಲಕ ಬುಡದ ಕುಡಿಯವರೆಗೆ ಇಳಿಯಬೇಕು. ಫಾಪ್ ಎಂದು ಹೆಸರು ಮುಗಿಯುವ ಔಷಧಿಗಳು ಆ ಕುಡಿಯಲ್ಲಿ ಕೊಬ್ಬಿನಂಶ ತಯಾರಾಗುವುದನ್ನು ತಡೆಯುತ್ತವೆ, ಬಿಸ್ಪೈರಿಬ್ಯಾಕ್ ಕೆಲವು ಅಮೈನೋ ಆಮ್ಲಗಳು ತಯಾರಾಗುವುದನ್ನು ತಡೆಯುತ್ತದೆ. ದಾರಿ ಇಷ್ಟು ಉದ್ದವಾಗಿರುವಾಗ, ಮೊದಲ ಮೆಟ್ಟಿಲಾದ ಎಲೆಯ ಮೇಲೆಯೇ ಅರ್ಧ ಔಷಧಿ ಬೀಳದಿದ್ದರೆ ಬುಡಕ್ಕೆ ತಲುಪುವುದು ಎಷ್ಟು?

ಹನಿಯ ಗಾತ್ರದ ಲೆಕ್ಕ ಸ್ವಲ್ಪ ಬೆರಗು ಹುಟ್ಟಿಸುವಂಥದು. ಹನಿಯ ಅಡ್ಡಳತೆ ಅರ್ಧವಾದರೆ ಅದರ ನೀರು ಎಂಟನೇ ಒಂದು ಪಾಲಾಗುತ್ತದೆ, ಅಂದರೆ ಅಷ್ಟೇ ನೀರಿನಲ್ಲಿ ಎಂಟು ಪಟ್ಟು ಹನಿಗಳಾಗುತ್ತವೆ. ಹೆಕ್ಟೇರಿಗೆ 200 ಲೀಟರ್ ನೀರು ಬಳಸಿದರೆ ಪ್ರತಿ ಚದರ ಸೆಂಟಿಮೀಟರ್ ನೆಲಕ್ಕೆ ಎರಡು ಮೈಕ್ರೊಲೀಟರ್ ನೀರು ಬೀಳುತ್ತದೆ. ಹನಿಗಳೆಲ್ಲ 400 ಮೈಕ್ರಾನ್ (ಸಾವಿರ ಮೈಕ್ರಾನಿಗೆ ಒಂದು ಮಿಲಿಮೀಟರ್) ಗಾತ್ರದವಾಗಿದ್ದರೆ ಆ ಜಾಗಕ್ಕೆ ಸುಮಾರು 60 ಹನಿಗಳು, 200 ಮೈಕ್ರಾನಿನವಾಗಿದ್ದರೆ ಸುಮಾರು 480 ಹನಿಗಳು. ನೆಟ್ಟಗೆ ನಿಂತ ಕಿರಿದಾದ ಎಲೆಗೆ ಯಾವುದು ಹೆಚ್ಚು ತಾಗುತ್ತದೆ ಎಂದು ಕೇಳುವ ಅಗತ್ಯವಿಲ್ಲ. ಹಾಗೆಂದು ಮಂಜಿನಂತೆ ಹೊಡೆಯಬೇಕೆಂದಲ್ಲ. 100 ಮೈಕ್ರಾನಿಗಿಂತ ಸಣ್ಣ ಹನಿ ನಮ್ಮ ರಾಯಚೂರಿನ ಬಿಸಿಲಿನಲ್ಲಿ ಎಲೆ ಮುಟ್ಟುವ ಮೊದಲೇ ಆವಿಯಾಗಿ ಕುಗ್ಗುತ್ತದೆ, ಇಲ್ಲವೇ ಗಾಳಿಯ ಜೊತೆ ಪಕ್ಕದ ಹೊಲಕ್ಕೆ ಹೋಗುತ್ತದೆ. ಹುಲ್ಲಿನ ಎಲೆಗೆ ಬೇಕಾದದ್ದು ಮಧ್ಯಮ ಹನಿ. ತೀರ ಎಳೆಯ ಹುಲ್ಲಾದರೆ ಅದಕ್ಕಿಂತ ತುಸು ಸಣ್ಣದು, ಗಾಳಿ ಇದ್ದರೆ ತುಸು ದೊಡ್ಡದು.

ಹನಿಯ ಗಾತ್ರವನ್ನು ನಿರ್ಧರಿಸುವುದು ನಾಜಲ್, ಅಂದರೆ ತುಂತುರು ಹೊರಬರುವ ಮೂತಿ. ಅಂಗಡಿಯಿಂದ ಪಂಪು ತಂದಾಗ ಅದರ ತುದಿಯಲ್ಲಿರುವುದು ಸಾಮಾನ್ಯವಾಗಿ ಟೊಳ್ಳು ಶಂಕುವಿನ ಆಕಾರದಲ್ಲಿ ತುಂತುರು ಚೆಲ್ಲುವ ನಾಜಲ್. ಕೀಟಕ್ಕೂ ರೋಗಕ್ಕೂ ಹೊಡೆಯುವಾಗ ಎಲೆಯ ಮೇಲೂ ಕೆಳಗೂ ಸುತ್ತಿಕೊಳ್ಳಲಿ ಎಂದು ಮಾಡಿದ್ದು ಅದು. ನೆಲದ ಮೇಲೆ ಅದು ಮೂಡಿಸುವ ಗುರುತು ಉಂಗುರದಂತೆ, ಅಂಚಿನಲ್ಲಿ ಹೆಚ್ಚು, ನಡುವೆ ಕಡಿಮೆ. ಕಳೆನಾಶಕಕ್ಕೆ ಬೇಕಾದದ್ದು ಬೀಸಣಿಗೆಯಂತೆ ಚಪ್ಪಟೆಯಾಗಿ ಹರಡುವ ಫ್ಲಾಟ್ ಫ್ಯಾನ್ ನಾಜಲ್. ಇನ್ನೊಂದು, ಫ್ಲಡ್ ಜೆಟ್ ಎನ್ನುವುದು, ಕಡಿಮೆ ಒತ್ತಡದಲ್ಲಿ ದೊಡ್ಡ ಹನಿಗಳನ್ನು ಅಗಲವಾಗಿ ಚೆಲ್ಲುತ್ತದೆ. ಬಿತ್ತಿದ ಮೇಲೆ, ಮೊಳೆಯುವ ಮುನ್ನ ಮಣ್ಣಿನ ಮೇಲೆ ಪೆಂಡಿಮಿಥಾಲಿನ್ ಹೊಡೆಯಲು ಅದು ತಕ್ಕದ್ದು, ಹುಟ್ಟಿದ ಹುಲ್ಲಿನ ಎಲೆಗೆ ಹೊಡೆಯಲು ಅಷ್ಟು ತಕ್ಕದ್ದಲ್ಲ. ಈಚೆಗೆ ಉದ್ದ ಪೈಪು ಹಾಕಿ ಇಂಜಿನ್ ಪಂಪಿನ ಗನ್ನಿನಿಂದ ಗದ್ದೆಗೆ ಕಳೆನಾಶಕ ಹೊಡೆಯುವ ರೂಢಿ ಹೆಚ್ಚಾಗಿದೆ. ಗಂಟೆಗೆ ಎಷ್ಟೋ ಎಕರೆ ಮುಗಿಯುತ್ತದೆ ಎಂಬುದು ನಿಜ. ಆದರೆ ಹತ್ತಿರ ಬೀಳುವುದೇ ಬೇರೆ, ದೂರ ಬೀಳುವುದೇ ಬೇರೆ, ಯಾವ ಗುಂಟೆಗೆ ಎಷ್ಟು ಬಿತ್ತು ಎಂಬುದನ್ನು ಹೊಡೆದವನೂ ಹೇಳಲಾರ. ಹುಲ್ಲಿನ ಕಳೆನಾಶಕಕ್ಕೆ ಗನ್ ಬಳಸಬೇಡಿ ಎಂದು ನಾನು ಯಾವ ಮುಲಾಜೂ ಇಲ್ಲದೆ ಹೇಳುತ್ತೇನೆ.

ಫ್ಲಾಟ್ ಫ್ಯಾನ್ ನಾಜಲುಗಳಿಗೆ ಬಣ್ಣದ ಗುರುತಿದೆ, ಅದು ಜಗತ್ತಿನ ಎಲ್ಲೆಡೆ ಒಂದೇ. ಹಳದಿ ಬಣ್ಣದ್ದು ಮೂರು ಬಾರ್ ಒತ್ತಡದಲ್ಲಿ ನಿಮಿಷಕ್ಕೆ ಸುಮಾರು 0.8 ಲೀಟರ್ ಚೆಲ್ಲುತ್ತದೆ, ನೀಲಿಯದು 1.2 ಲೀಟರ್, ಕಿತ್ತಳೆಯದು 0.4 ಲೀಟರ್. ಒತ್ತಡ ಇಳಿದರೆ ಇದೂ ಇಳಿಯುತ್ತದೆ, ಆದರೆ ಅದೇ ಪ್ರಮಾಣದಲ್ಲಿ ಅಲ್ಲ. ಒತ್ತಡ ಅರ್ಧವಾದರೆ ಹಳದಿ ನಾಜಲಿನ ಹರಿವು 0.8ರಿಂದ ಸುಮಾರು 0.57ಕ್ಕೆ ಬರುತ್ತದೆ. ಬೆಳಿಗ್ಗೆ ಚಾರ್ಜು ತುಂಬಿದ ಬ್ಯಾಟರಿ ಪಂಪು ಮಧ್ಯಾಹ್ನದ ಹೊತ್ತಿಗೆ ದಣಿದಾಗ ಆಗುವುದು ಇದೇ. ಹನಿ ದಪ್ಪವಾಗುತ್ತದೆ, ಬೀಸಣಿಗೆ ಮುದುಡುತ್ತದೆ, ಪಟ್ಟೆಗಳ ನಡುವೆ ತೆರಪು ಬೀಳುತ್ತದೆ. ಕೈಪಂಪಿನಲ್ಲಾದರೆ ಹಿಡಿ ಒತ್ತುವ ಆಳಿನ ತೋಳೇ ದಣಿಯುತ್ತದೆ. ಲ್ಯಾನ್ಸಿನಲ್ಲಿ, ಅಂದರೆ ತುದಿಗೆ ನಾಜಲ್ ಇರುವ ಕೈಕೊಳವೆಯಲ್ಲಿ, ಒತ್ತಡವನ್ನು ಒಂದೇ ಮಟ್ಟದಲ್ಲಿ ಹಿಡಿದಿಡುವ ಸಣ್ಣ ಕವಾಟವನ್ನು ಹಾಕಿಸಿಕೊಂಡರೆ ಈ ಏರಿಳಿತ ತಪ್ಪುತ್ತದೆ.

ಇಷ್ಟು ತಿಳಿದ ಮೇಲೆ ನಮ್ಮ ಎಲ್ಲರ ಬಾಯಲ್ಲಿರುವ ಪ್ರಶ್ನೆಯನ್ನು ಪರೀಕ್ಷಿಸೋಣ: ‘ಪಂಪಿಗೆ ಎಷ್ಟು ಎಂ.ಎಲ್. ಹಾಕಬೇಕು?’ ಈ ಪ್ರಶ್ನೆಯೇ ತಪ್ಪು. ಔಷಧಿಯ ಪ್ರಮಾಣ ಇರುವುದು ನೆಲಕ್ಕೆ, ಪಂಪಿಗೆ ಅಲ್ಲ. ಬಾಟಲಿಯ ಚೀಟಿಯ ಮೇಲೆ ಎಕರೆಗೆ 100 ಮಿಲಿಲೀಟರ್ ಎಂದಿರುವ ಔಷಧಿಯನ್ನು 16 ಲೀಟರ್ ಪಂಪಿಗೆ 20 ಮಿಲಿಲೀಟರ್‌ನಂತೆ ಹಾಕಿದಿರಿ ಎಂದುಕೊಳ್ಳಿ. ಎಕರೆಗೆ ಐದು ಪಂಪು ಹೊಡೆದರೆ ಲೆಕ್ಕ ಸರಿಯಾಯಿತು. ಅವಸರದಲ್ಲಿ ಮೂರೇ ಪಂಪಿಗೆ ಎಕರೆ ಮುಗಿಸಿದವರು 60 ಮಿಲಿಲೀಟರ್ ಹಾಕಿದಂತಾಯಿತು, ಕೆಸರಿನಲ್ಲಿ ನಿಧಾನವಾಗಿ ನಡೆದು ಎಂಟು ಪಂಪು ಹೊಡೆದವರು 160 ಮಿಲಿಲೀಟರ್. ಮೊದಲನೆಯವರ ಗದ್ದೆಯಲ್ಲಿ ಹುಲ್ಲು ಉಳಿಯುತ್ತದೆ, ಎರಡನೆಯವರ ಗದ್ದೆಯಲ್ಲಿ ಭತ್ತ ಹಳದಿಯಾಗುತ್ತದೆ. ಇಬ್ಬರೂ ಒಂದೇ ಅಂಗಡಿಯ ಒಂದೇ ಔಷಧಿಯನ್ನು ‘ಪಂಪಿಗೆ ಇಪ್ಪತ್ತು’ ಎಂದೇ ಹಾಕಿದ್ದಾರೆ.

ಇದನ್ನು ಸರಿಪಡಿಸಿಕೊಳ್ಳಲು ನಮ್ಮ ಗುಂಟೆ ಲೆಕ್ಕಕ್ಕಿಂತ ಒಳ್ಳೆಯ ಸಾಧನ ಇಲ್ಲ. ಒಂದು ಗುಂಟೆ ಎಂದರೆ 33 ಅಡಿ ಉದ್ದ, 33 ಅಡಿ ಅಗಲ, ನಲವತ್ತು ಗುಂಟೆಗೆ ಒಂದು ಎಕರೆ. ಗದ್ದೆಯ ಮೂಲೆಯಲ್ಲಿ ಒಂದು ಗುಂಟೆಗೆ ನಾಲ್ಕು ಗೂಟ ಹೊಡೆಯಿರಿ. ಪಂಪಿಗೆ ಬರೀ ನೀರು ತುಂಬಿ ಮಟ್ಟ ಗುರುತು ಮಾಡಿಕೊಳ್ಳಿ. ಔಷಧಿ ಹೊಡೆಯುವ ವ್ಯಕ್ತಿಯೇ, ಔಷಧಿ ಹೊಡೆಯುವ ನಡಿಗೆಯಲ್ಲೇ, ಅದೇ ನಾಜಲಿನಿಂದ ಆ ಗುಂಟೆಯನ್ನು ಸಿಂಪಡಿಸಲಿ. ಆಮೇಲೆ ಹಳೆಯ ಗುರುತಿನವರೆಗೆ ನೀರನ್ನು ಅಳೆದು ತುಂಬಿ. ಎರಡು ಲೀಟರ್ ಹಿಡಿದರೆ ಎಕರೆಗೆ 80 ಲೀಟರ್, ಅಂದರೆ 16 ಲೀಟರಿನ ಐದು ಪಂಪು. ಎಕರೆಯ ಔಷಧಿಯನ್ನು ಐದರಿಂದ ಭಾಗಿಸಿದರೆ ನಿಮ್ಮ ಪಂಪಿಗೆ, ನಿಮ್ಮ ಆಳಿಗೆ, ನಿಮ್ಮ ಗದ್ದೆಗೆ ಹೊಂದುವ ಪ್ರಮಾಣ ಸಿಗುತ್ತದೆ. ಪಕ್ಕದ ಮನೆಯವರದು ಬೇರೆಯೇ ಇದ್ದೀತು, ಇರಲಿ.

ನಡಿಗೆಯ ಪರಿಣಾಮ ನಾವು ಅಂದುಕೊಂಡಿರುವುದಕ್ಕಿಂತ ದೊಡ್ಡದು. ಹಳದಿ ನಾಜಲಿನಿಂದ ಒಂದು ಮೀಟರ್ ಅಗಲದ ಪಟ್ಟೆ ಹೊಡೆಯುತ್ತ ನಿಮಿಷಕ್ಕೆ 40 ಮೀಟರ್ ನಡೆದರೆ ಎಕರೆಗೆ 80 ಲೀಟರ್ ಬೀಳುತ್ತದೆ. ಒಣ ನೆಲದಲ್ಲಿ ಅದೇ ವ್ಯಕ್ತಿ ನಿಮಿಷಕ್ಕೆ 50 ಮೀಟರ್ ನಡೆದಾಗ ಅದು 65 ಲೀಟರಿಗೆ ಇಳಿಯುತ್ತದೆ, ಕೆಸರಿನಲ್ಲಿ ಕಾಲು ಹೂತು 30 ಮೀಟರಿಗೆ ಇಳಿದಾಗ 108 ಲೀಟರಿಗೆ ಏರುತ್ತದೆ. ಒಂದೇ ಗದ್ದೆಯ ಎತ್ತರದ ಭಾಗಕ್ಕೂ ತಗ್ಗಿನ ಭಾಗಕ್ಕೂ ಇಷ್ಟು ವ್ಯತ್ಯಾಸ ಬರಬಹುದು. ಬಿತ್ತನೆಯ ಮುನ್ನ ನೆಲ ಸಮತಟ್ಟು ಮಾಡುವುದರ ಲಾಭ ನೀರಿಗಷ್ಟೇ ಅಲ್ಲ ಎಂಬುದು ಇಲ್ಲಿ ಗೊತ್ತಾಗುತ್ತದೆ.

ಲ್ಯಾನ್ಸ್ ಹಿಡಿಯುವ ರೀತಿಯ ಬಗ್ಗೆ ನಾನು ಸ್ವಲ್ಪ ಹೆಚ್ಚು ಹೇಳುತ್ತೇನೆ, ಏಕೆಂದರೆ ಅತಿ ಹೆಚ್ಚು ತಪ್ಪುಗಳು ಆಗುವುದು ಇಲ್ಲಿಯೇ. ನಮ್ಮವರಲ್ಲಿ ಹತ್ತಕ್ಕೆ ಎಂಟು ಮಂದಿ ದೇವರ ಮುಂದೆ ಚಾಮರ ಬೀಸಿದಂತೆ ಲ್ಯಾನ್ಸನ್ನು ಎಡಕ್ಕೂ ಬಲಕ್ಕೂ ಬೀಸುತ್ತ ನಡೆಯುವುದನ್ನು ನಾನು ಕಂಡಿದ್ದೇನೆ. ಬೀಸುವಾಗ ಕೈ ತಿರುಗುವ ಎರಡು ತುದಿಗಳಲ್ಲಿ ತುಂತುರು ಹೆಚ್ಚು ಹೊತ್ತು ನಿಲ್ಲುತ್ತದೆ, ನಡುವೆ ಬೇಗ ದಾಟುತ್ತದೆ. ಜೊತೆಗೆ ಕಾಲು ಮುಂದೆ ಹೋಗುತ್ತಿರುವುದರಿಂದ ನೆಲದ ಮೇಲೆ ಮೂಡುವುದು ಹಾವಿನ ನಡಿಗೆಯಂಥ ಗುರುತು, ಅದರ ಸುತ್ತುಗಳ ನಡುವೆ ಮುಕ್ಕೋನದ ತೆರಪುಗಳು ಉಳಿಯುತ್ತವೆ. ಕೀಟನಾಶಕದಲ್ಲಿ ಹುಳು ತಾನೇ ಓಡಾಡಿ ಔಷಧಿಯನ್ನು ಮುಟ್ಟುತ್ತದೆ, ಹುಲ್ಲು ಓಡಾಡುವುದಿಲ್ಲ. ಫ್ಲಾಟ್ ಫ್ಯಾನ್ ಹಾಕಿ, ಲ್ಯಾನ್ಸನ್ನು ಮುಂದಕ್ಕೆ ಸ್ಥಿರವಾಗಿ ಹಿಡಿದು, ಹುಲ್ಲಿನ ತುದಿಯಿಂದ ಒಂದೂವರೆ ಅಡಿ ಎತ್ತರದಲ್ಲಿ ಇಟ್ಟು, ನೇರ ಸಾಲಿನಲ್ಲಿ ನಡೆಯಬೇಕು. ಫ್ಲಾಟ್ ಫ್ಯಾನಿನ ಬೀಸಣಿಗೆ ಅಂಚಿನಲ್ಲಿ ತೆಳುವಾಗುವುದರಿಂದ ಪಕ್ಕದ ಪಟ್ಟೆ ಅದರ ಅಂಚನ್ನು ಮುಚ್ಚುವಂತೆ ಹತ್ತಿರ ಬರಬೇಕು. ಕಾರಟಗಿಯ ಗದ್ದೆಯಲ್ಲಿ ತಪ್ಪಿದ್ದು ಇದು. ಎತ್ತರವೂ ಲೆಕ್ಕಕ್ಕೆ ಬರುತ್ತದೆ. 110 ಡಿಗ್ರಿಯ ನಾಜಲನ್ನು 50 ಸೆಂಟಿಮೀಟರ್ ಎತ್ತರದಲ್ಲಿ ಹಿಡಿದಾಗ ಲೆಕ್ಕದ ಪ್ರಕಾರ 143 ಸೆಂಟಿಮೀಟರ್ ಅಗಲ ಹರಡುತ್ತದೆ, ಕೈಸೋತು 75ಕ್ಕೆ ಎತ್ತಿದರೆ 214ಕ್ಕೆ. ಅಗಲ ಹೆಚ್ಚಾಯಿತೆಂದು ಸಂತೋಷಪಡುವ ಹಾಗಿಲ್ಲ, ಅಷ್ಟೇ ಔಷಧಿ ಒಂದೂವರೆ ಪಟ್ಟು ನೆಲಕ್ಕೆ ಹಂಚಿಹೋಗಿ ತೆಳುವಾಯಿತು, ಗಾಳಿಗೂ ಸಿಕ್ಕಿತು.

ನೆಟ್ಟಗೆ ನಿಂತ ಎಲೆಗೆ ನೇರ ಮೇಲಿನಿಂದ ಹೊಡೆಯುವ ಬದಲು ತುಸು ಓರೆಯಾಗಿ ಹೊಡೆದರೆ ಎಲೆಯ ಹೆಚ್ಚು ಭಾಗ ಹನಿಗೆ ಎದುರಾಗುತ್ತದೆ. ಬ್ರಿಟನ್ನಿನಲ್ಲಿ ಗೋಧಿಯ ದೊಡ್ಡ ಪೀಡೆಯಾದ ಬ್ಲ್ಯಾಕ್‌ಗ್ರಾಸ್ ಎಂಬ ಹುಲ್ಲಿನ ವಿರುದ್ಧ ಟ್ರ್ಯಾಕ್ಟರಿನ ಬೂಮಿನಲ್ಲಿ, ಅಂದರೆ ಸಾಲಾಗಿ ನಾಜಲುಗಳನ್ನು ಜೋಡಿಸಿದ ಅಡ್ಡಕೊಳವೆಯಲ್ಲಿ, ಒಂದು ನಾಜಲನ್ನು ಮುಂದಕ್ಕೂ ಮುಂದಿನದನ್ನು ಹಿಂದಕ್ಕೂ ಓರೆಯಾಗಿಸಿ ಬಳಸುವ ಪದ್ಧತಿ ಬಂದದ್ದು ಈ ಕಾರಣದಿಂದ. ನಮ್ಮ ಬೆನ್ನುಪಂಪಿನ ಲ್ಯಾನ್ಸಿನ ತುದಿ ಹೇಗೂ ಬಾಗಿರುತ್ತದೆ, ಬೀಸಣಿಗೆಯನ್ನು ನಡೆಯುವ ದಿಕ್ಕಿಗೆ ತುಸು ಮುಂದಕ್ಕೆ ಓರೆಯಾಗಿಸಿಕೊಂಡರೆ ಎಲೆಯ ಒಂದು ಮುಖಕ್ಕೆ ಚೆನ್ನಾಗಿ ತಾಗುತ್ತದೆ. ಪಟ್ಟೆಗಳಲ್ಲಿ ಹೋಗಿ ಬಂದು ಹೊಡೆಯುವಾಗ ಅಂಚುಗಳು ಒಂದರ ಮೇಲೊಂದು ಬೀಳುವ ಜಾಗದಲ್ಲಿ ಎರಡು ದಿಕ್ಕಿನಿಂದಲೂ ಹನಿ ಸಿಗುತ್ತದೆ. ಎರಡು ಮೂರು ಫ್ಲಾಟ್ ಫ್ಯಾನ್‌ಗಳನ್ನು ಅರ್ಧ ಮೀಟರ್ ಅಂತರದಲ್ಲಿ ಜೋಡಿಸಿದ ಕೈಬೂಮು ಇದ್ದರೆ ಇನ್ನೂ ಒಳ್ಳೆಯದು, ಕೈ ಬೀಸುವ ಆಸೆಯೇ ಹುಟ್ಟುವುದಿಲ್ಲ.

ಸಮಯದ ವಿಷಯ. ಹುಲ್ಲು ಎರಡರಿಂದ ನಾಲ್ಕು ಎಲೆಯಲ್ಲಿರುವಾಗ ಹೊಡೆಯಿರಿ ಎಂದು ಎಲ್ಲ ಚೀಟಿಗಳಲ್ಲೂ ಇರುತ್ತದೆ. ತೆಂಡೆ (ಬುಡದ ಕವಲು) ಒಡೆದ ಮೇಲೆ ಪ್ರತಿ ತೆಂಡೆಗೂ ಬುಡದಲ್ಲಿ ಒಂದೊಂದು ಕುಡಿ, ಒಂದಷ್ಟು ಔಷಧಿ ಎಲ್ಲಕ್ಕೂ ಹಂಚಿಹೋಗಬೇಕು. ನಮ್ಮ ಭಾಗದಲ್ಲಿ ಇನ್ನೊಂದು ತೊಡಕಿದೆ. ನೀರಿನ ಕೊರತೆಯಾದಾಗ, ಮಧ್ಯಾಹ್ನದ ಬಿಸಿಲಿನಲ್ಲಿ, ಹುಲ್ಲು ತನ್ನ ಎಲೆಯನ್ನು ಕೊಳವೆಯಂತೆ ಸುತ್ತಿಕೊಳ್ಳುತ್ತದೆ. ಮೊದಲೇ ಕಿರಿದಾದ ಎಲೆ ಅರ್ಧವಾಗುತ್ತದೆ, ಜೊತೆಗೆ ಬಾಡಿದ ಗಿಡದಲ್ಲಿ ಔಷಧಿ ಎಲೆಯಿಂದ ಬುಡಕ್ಕೆ ಇಳಿಯುವುದೂ ನಿಧಾನವಾಗುತ್ತದೆ. ಆದುದರಿಂದ ಹೊಡೆಯುವ ಮುನ್ನ ನೆಲದಲ್ಲಿ ಹಸಿ ಇರಬೇಕು. ನೀರು ನಿಂತಿರಬಾರದು, ನಿಂತಿದ್ದರೆ ಬಸಿದು, ಹುಲ್ಲಿನ ಬಹುಪಾಲು ಎಲೆ ಮೇಲೆ ಕಾಣುವಂತೆ ಮಾಡಿ ಹೊಡೆದು, ಎರಡು ಮೂರು ದಿನದೊಳಗೆ ಮತ್ತೆ ತೆಳುವಾಗಿ ನೀರು ಕಟ್ಟಬೇಕು. ಮುಳುಗಿದ ಎಲೆಗೆ ಹನಿ ತಲುಪುವುದಿಲ್ಲ ಎಂಬುದು ಸರಳ ಸಂಗತಿಯಾದರೂ, ಕಾಲುವೆಯ ಸರದಿಯ ನೀರನ್ನು ಬಸಿಯಲು ಯಾರ ಮನಸ್ಸೂ ಒಪ್ಪುವುದಿಲ್ಲ ಎಂಬುದನ್ನು ನಾನು ಬಲ್ಲೆ. ಹೊಡೆಯುವ ದಿನವನ್ನು ನೀರಿನ ಸರದಿಯ ಹಿಂದಿನ ದಿನಕ್ಕೆ ಹೊಂದಿಸಿಕೊಂಡರೆ ಎರಡೂ ಉಳಿಯುತ್ತವೆ.

ಗಾಳಿ ಗಂಟೆಗೆ 10 ಕಿಲೋಮೀಟರ್ ಮೀರಿದರೆ, ಅಂದರೆ ಬೇವಿನ ಎಲೆಗಳಷ್ಟೇ ಅಲ್ಲದೆ ಸಣ್ಣ ರೆಂಬೆಗಳೂ ಅಲುಗಾಡತೊಡಗಿದರೆ, ಪಂಪು ಇಳಿಸುವುದು ಲೇಸು. ಗಾಳಿಯೇ ಇಲ್ಲದ ನಸುಕೂ ಒಳ್ಳೆಯದಲ್ಲ. ಹೊಗೆ ಮೇಲೇರದೆ ನೆಲದ ಮೇಲೆಯೇ ಹಾಸಿಕೊಂಡಿರುವ ಹೊತ್ತಿನಲ್ಲಿ ಸಣ್ಣ ಹನಿಗಳು ಹಾಗೆಯೇ ತೇಲಿ ಬಹುದೂರ ಹೋಗುತ್ತವೆ. ತೊಗರಿಯಲ್ಲಿ ಹುಲ್ಲಿಗೆಂದು ಹೊಡೆದ ಕ್ವಿಜಾಲೊಫಾಪ್ ಪಕ್ಕದ ಜೋಳಕ್ಕೆ ತಾಗಿದರೆ ಜೋಳವೂ ಹುಲ್ಲೇ, ಅದು ಉಳಿಯುವುದಿಲ್ಲ. ಭತ್ತದಲ್ಲಿ ಅಗಲ ಎಲೆಗೆಂದು ಹೊಡೆದ 2,4-ಡಿ ಹತ್ತಿಯ ಹೊಲಕ್ಕೆ ಹೋದರೆ ಹತ್ತಿಯ ಎಲೆ ಕಪ್ಪೆಗಾಲಿನಂತೆ ಸೀಳಿಕೊಳ್ಳುತ್ತದೆ. ಆ ಪಂಪನ್ನು ಸರಿಯಾಗಿ ತೊಳೆಯದೆ ಹತ್ತಿಗೆ ಕೀಟನಾಶಕ ಹೊಡೆದರೂ ಅದೇ ಗತಿ. ಕಳೆನಾಶಕಕ್ಕೆ ಒಂದು ಪಂಪನ್ನೇ ಬೇರೆ ಇಟ್ಟುಕೊಳ್ಳುವುದು ದುಂದುವೆಚ್ಚವಲ್ಲ.

ನೀರು ಮತ್ತು ಅಂಟಿನ ಬಗ್ಗೆ ಸಂಕ್ಷೇಪವಾಗಿ ಹೇಳುತ್ತೇನೆ. ಹುಲ್ಲಿನ ಮೇಣದ ಎಲೆಗೆ ಹನಿ ಹರಡಿಕೊಳ್ಳಲು ಅಂಟುದ್ರಾವಣ ಬೇಕು, ಔಷಧಿಯ ಚೀಟಿಯಲ್ಲಿ ಯಾವುದನ್ನು ಹೇಳಿದೆಯೋ ಅದನ್ನೇ ಹಾಕಬೇಕು. ಒಂದು ರೂಪಾಯಿಯ ಶಾಂಪೂ ಪೊಟ್ಟಣ ಕತ್ತರಿಸಿ ಹಾಕುವ ರೂಢಿ ಎಲ್ಲೆಡೆ ಇದೆ. ಅದರಿಂದ ನೊರೆ ಬರುತ್ತದೆ, ನೊರೆ ಬಂತೆಂದ ಮಾತ್ರಕ್ಕೆ ಹನಿ ಎಲೆಗೆ ಹರಡಿತು ಎಂದಲ್ಲ. ನೊರೆ ತುಂಬಿದ ಪಂಪಿನಲ್ಲಿ ಹರಿವು ತುಂಡಾಗುತ್ತದೆ, ಮಟ್ಟವೂ ತಿಳಿಯುವುದಿಲ್ಲ. ಕಾಲುವೆಯ ಕದಡಿದ ನೀರನ್ನು ಗ್ಲೈಫೊಸೇಟಿನಂಥ ಔಷಧಿಗೆ ಬಳಸಿದರೆ ಮಣ್ಣಿನ ಕಣಗಳೇ ಔಷಧಿಯನ್ನು ಹಿಡಿದಿಟ್ಟುಕೊಳ್ಳುತ್ತವೆ. ಗಡಸು ನೀರಿನ ಸುಣ್ಣದಂಶವೂ ಹಾಗೆಯೇ ಮಾಡುತ್ತದೆ. ಹುಲ್ಲಿನ ಔಷಧಿಯೊಂದಿಗೆ ಅಗಲ ಎಲೆಯ ಔಷಧಿಯನ್ನು ಒಂದೇ ಪಂಪಿನಲ್ಲಿ ಬೆರೆಸುವ ಆತುರವೂ ಬೇಡ. ಫಾಪ್ ಗುಂಪಿನ ಔಷಧಿಗಳ ಜೊತೆ 2,4-ಡಿ ಬೆರೆಸಿದರೆ ಹುಲ್ಲಿನ ಮೇಲಿನ ಪರಿಣಾಮ ಕುಗ್ಗುತ್ತದೆ.

ಮಣ್ಣಿನ ಮೇಲೆ ಹೊಡೆಯುವ ಪೆಂಡಿಮಿಥಾಲಿನ್‌ಗೆ ಎಲೆಯ ಲೆಕ್ಕವಿಲ್ಲ, ಅಲ್ಲಿ ಗುರಿ ಮಣ್ಣಿನ ಮೇಲ್ಪದರ. ಎರೆ ಭೂಮಿಯ ಹೆಂಟೆಗಳ ಹಿಂದೆ ನೆರಳಿನಂತೆ ಬಿಟ್ಟುಹೋದ ಜಾಗದಲ್ಲಿ ಹುಲ್ಲು ಹುಟ್ಟುತ್ತದೆ. ಹೊಡೆದ ಜಾಗವನ್ನು ತುಳಿದು ಪದರ ಒಡೆಯದಂತೆ ಹಿಮ್ಮುಖವಾಗಿ ನಡೆಯುತ್ತ ಹೊಡೆಯುವುದು ಹಳೆಯ ಕ್ರಮ, ಈಗಲೂ ಸರಿಯಾದ ಕ್ರಮ.

ಅರ್ಧಂಬರ್ಧ ಔಷಧಿ ಬಿದ್ದು ಬದುಕುಳಿದ ಹುಲ್ಲು ಆ ವರ್ಷದ ಇಳುವರಿಯನ್ನಷ್ಟೇ ತಿನ್ನುವುದಿಲ್ಲ. ಪಂಜಾಬ್ ಮತ್ತು ಹರಿಯಾಣಗಳ ಗೋಧಿ ಹೊಲಗಳಲ್ಲಿ ಫಲಾರಿಸ್ ಮೈನರ್ ಎಂಬ ಹುಲ್ಲನ್ನು ವರ್ಷಗಟ್ಟಲೆ ಐಸೊಪ್ರೊಟ್ಯೂರಾನ್ ಎಂಬ ಕಳೆನಾಶಕ ಒಂದರಿಂದಲೇ ಹತೋಟಿ ಮಾಡುತ್ತಿದ್ದರು. 1990ರ ದಶಕದ ಆರಂಭದಲ್ಲಿ ಆ ಹುಲ್ಲು ಔಷಧಿಗೆ ಬಗ್ಗದಂತಾಯಿತು. ಒಂದೇ ಔಷಧಿಯನ್ನು ವರ್ಷ ವರ್ಷ ಬಳಸಿದ್ದು ಅದಕ್ಕೆ ಮುಖ್ಯ ಕಾರಣ, ಕಡಿಮೆ ಪ್ರಮಾಣ ಮತ್ತು ಕೆಟ್ಟ ಸಿಂಪರಣೆ ಅದಕ್ಕೆ ಒತ್ತಾಸೆಯಾದವು. ನಾವು ಬಿಸ್ಪೈರಿಬ್ಯಾಕನ್ನು ಅದೇ ರೀತಿ ಪ್ರತಿ ಹಂಗಾಮಿಗೂ ಬಳಸುತ್ತಿದ್ದೇವೆ ಎಂಬುದನ್ನು ನಾನು ಗಮನಕ್ಕೆ ತರುತ್ತೇನೆ.

ಡ್ರೋನ್ ಬಗ್ಗೆ ಒಬ್ಬ ಯುವಕರು ಕೇಳಿದರು. ಕೇಂದ್ರ ಕೃಷಿ ಸಚಿವಾಲಯ 2021ರ ಡಿಸೆಂಬರಿನಲ್ಲಿ ಡ್ರೋನ್ ಸಿಂಪರಣೆಗೆ ಕಾರ್ಯವಿಧಾನ ಹೊರಡಿಸಿತು, 2023ರಲ್ಲಿ ಮಂಜೂರಾದ ಡ್ರೋನ್ ದೀದಿ ಯೋಜನೆ 15,000 ಮಹಿಳಾ ಸ್ವಸಹಾಯ ಗುಂಪುಗಳಿಗೆ ಡ್ರೋನ್ ಕೊಡುವ ಗುರಿ ಇಟ್ಟುಕೊಂಡಿತು. ಕೆಸರಿನಲ್ಲಿ ಕಾಲು ಹೂಳುವ ಕಷ್ಟ ತಪ್ಪುತ್ತದೆ, ನಡಿಗೆಯ ಏರಿಳಿತವೂ ತಪ್ಪುತ್ತದೆ. ಆದರೆ ಡ್ರೋನ್ ಬಳಸುವುದು ಎಕರೆಗೆ ಹತ್ತು ಲೀಟರಿನ ಆಸುಪಾಸಿನ ನೀರು. ಆ ನೀರಿನಲ್ಲಿ 200 ಮೈಕ್ರಾನಿನ ಹನಿಗಳಾದರೆ ಪ್ರತಿ ಚದರ ಸೆಂಟಿಮೀಟರಿಗೆ 60ರಷ್ಟು ಬೀಳುತ್ತವೆ, 400ರ ಹನಿಗಳಾದರೆ ಏಳೆಂಟು ಮಾತ್ರ. ನೆಟ್ಟಗೆ ನಿಂತ ಎಳೆ ಹುಲ್ಲಿಗೆ ಏಳೆಂಟು ಹನಿಯಲ್ಲಿ ಆರನೇ ಒಂದು ಪಾಲು ಎಂದರೆ ಒಂದು ಹನಿ! ಹನಿ ಸಣ್ಣದು ಮಾಡಿದರೆ ಗಾಳಿಯ ಭಯ. ಗಿಡದೊಳಗೆ ಸಂಚರಿಸುವ ಔಷಧಿಯಾದರೆ, ಗಾಳಿ ಮಂದವಾಗಿದ್ದರೆ, ಆ ಔಷಧಿಗೆ ಡ್ರೋನ್ ಬಳಕೆಯ ಅನುಮತಿ ಇದ್ದರೆ ಮಾಡಬಹುದು. ಮೊದಲು ಗದ್ದೆಯಲ್ಲಿ ಅಲ್ಲಲ್ಲಿ, ನೀರು ತಾಗಿದರೆ ಹಳದಿಯಿಂದ ನೀಲಿಯಾಗುವ ಕಾಗದದ ತುಂಡುಗಳನ್ನು ಇಟ್ಟು, ಬರೀ ನೀರು ಹಾರಿಸಿ ನೋಡಿ ಎಂದು ಅವರಿಗೆ ಹೇಳಿದೆ. ಆ ಕಾಗದ ಸಿಗದಿದ್ದರೆ, ಬೆನ್ನುಪಂಪಿನವರು ಒಣಗಿದ ಸಿಮೆಂಟ್ ಕಣದ ಮೇಲೆ ಬರೀ ನೀರು ಹೊಡೆದು ಅದು ಆರುವುದನ್ನು ನೋಡಬಹುದು. ಬೇಗ ಆರಿದ ಪಟ್ಟೆಗಳೇ ಮುಂದೆ ಗದ್ದೆಯಲ್ಲಿ ಹುಲ್ಲು ಉಳಿಯುವ ಪಟ್ಟೆಗಳು.

ಕೊನೆಯ ಪ್ರಶ್ನೆ ಹಿರಿಯರೊಬ್ಬರದು: ‘ಹೊಡೆದು ನಾಲ್ಕು ದಿನ ಆದ್ರೂ ಕಸ ಹಸರಾಗೇ ಐತಿ, ಇನ್ನೊಂದ್ ಸಲ ಹೊಡಿಲೇನ್ರೀ?’ ಹೊಡೆಯಬೇಡಿ ಎಂದೆ. ಹುಲ್ಲಿನ ಔಷಧಿಗಳು ಬುಡದಿಂದ ಕೊಲ್ಲುತ್ತವೆ, ಮೇಲಿನ ಎಲೆ ವಾರಕ್ಕೂ ಹೆಚ್ಚು ಹಸಿರಾಗಿಯೇ ಇರಬಹುದು. ಫಾಪ್ ಔಷಧಿ ಹೊಡೆದಿದ್ದರೆ ಆರೇಳನೇ ದಿನ ಹುಲ್ಲಿನ ನಡುವಿನ ಸುಳಿ ಎಲೆಯನ್ನು ಎರಡು ಬೆರಳಲ್ಲಿ ಹಿಡಿದು ಮೆಲ್ಲಗೆ ಎಳೆಯಿರಿ. ಅದು ಸಲೀಸಾಗಿ ಕಿತ್ತುಬಂದು, ಬುಡ ಕಂದುಬಣ್ಣಕ್ಕೆ ತಿರುಗಿ ಮೆತ್ತಗಾಗಿದ್ದರೆ ಆ ಗಿಡ ಸತ್ತಂತೆಯೇ. ಗಟ್ಟಿಯಾಗಿ ಹಿಡಿದುಕೊಂಡು, ಬುಡ ಬೆಳ್ಳಗೆ ಇದ್ದರೆ ಆ ಗಿಡಕ್ಕೆ ಔಷಧಿ ತಲುಪಿಲ್ಲ. ಅಂಥ ಗಿಡಗಳು ಎಲ್ಲೆಲ್ಲಿವೆ, ಪಟ್ಟೆಯಾಗಿವೆಯೋ ಹೆಂಟೆಯ ಮರೆಯಲ್ಲಿವೆಯೋ ಭತ್ತದ ಎಲೆಯ ಅಡಿಯಲ್ಲಿವೆಯೋ ಎಂದು ಗದ್ದೆ ಸುತ್ತಿ ನೋಡಿಕೊಂಡು, ತೆನೆ ಬಿಡುವ ಮುನ್ನ ಅವನ್ನು ಕೈಯಿಂದ ಕಿತ್ತು ಬದುವಿನಿಂದ ಆಚೆ ಹಾಕಿ.